ರೋಡ್ ಲಿವರ್‌ಗೆ ಎಂಟಿಬಿ ಡಿರೈಲರ್: ಎರಡೂ 11 ಸ್ಪೀಡ್, ಎರಡೂ ಶಿಮಾನೊ, ಆದರೂ ಗೇರ್ ಕೂರುತ್ತಿಲ್ಲ

ಹಳೇಚೈನು

ಗ್ರಾವೆಲ್ ಸೈಕಲ್ ಒಂದನ್ನು ಬಿಡಿಭಾಗ ಸೇರಿಸಿ ನಾನೇ ಕಟ್ಟುತ್ತಿದ್ದೇನೆ. ಫ್ರೇಮ್, ಫೋರ್ಕ್, ಚಕ್ರ, ಕ್ರ್ಯಾಂಕ್ ಎಲ್ಲ ಕೂತಿದೆ. ತಕರಾರು ಇರುವುದು ಗೇರ್‌ನಲ್ಲಿ.

ಲಿವರ್ (ಬ್ರೇಕ್, ಗೇರ್ ಎರಡೂ ಅದರಲ್ಲೇ) ರೋಡ್ ಸೈಕಲ್ಲಿನದು, ಶಿಮಾನೊ 105 ಆರ್7000, ಕೇಬಲ್ ಬ್ರೇಕಿನದು. ಹಿಂದಿನ ಡಿರೈಲರ್ (ಚೈನನ್ನು ಸ್ಪ್ರಾಕೆಟ್ಟಿನಿಂದ ಸ್ಪ್ರಾಕೆಟ್ಟಿಗೆ ಸರಿಸುವುದು) ಡಿಯೋರೆ ಎಕ್ಸ್‌ಟಿ ಎಂ8000, ಎಂಟಿಬಿ ಅಂದರೆ ಮೌಂಟನ್ ಬೈಕಿನದು. ಕ್ಯಾಸೆಟ್ಟೂ (ಹಿಂದಿನ ಸ್ಪ್ರಾಕೆಟ್ಟುಗಳ ಗೊಂಚಲು) ಎಕ್ಸ್‌ಟಿಯದೇ, 11-42 ಹಲ್ಲು. ಮುಂದೆ 40 ಹಲ್ಲಿನ ಒಂದೇ ಚೈನ್‌ರಿಂಗ್. ಎಲ್ಲ 11 ಸ್ಪೀಡ್, ಎಲ್ಲ ಒಂದೇ ಕಂಪನಿಯದು, ಹಾಗಾಗಿ ಹೊಂದುತ್ತದೆ ಅಂತ ಸ್ಟ್ಯಾಂಡಿಗೆ ಏರಿಸಿ ಕೇಬಲ್ ಹಾಕಿದೆ. ಮೊದಲ ಕ್ಲಿಕ್ಕಿಗೆ ಚೈನ್ ಪಕ್ಕದ ಸ್ಪ್ರಾಕೆಟ್ಟಿಗೆ ಹೇಗೋ ಹೋಗುತ್ತದೆ. ಆಮೇಲೆ ಕಟಕಟ ಶುರು. ನಡುವಿಗೆ ಬರುವ ಹೊತ್ತಿಗೆ ಎರಡು ಕ್ಲಿಕ್ಕಿಗೆ ಒಂದು ಗೇರ್ ಅನ್ನುವ ಹಾಗಾಗುತ್ತದೆ, ಕ್ಲಿಕ್ ಎಲ್ಲ ಮುಗಿದರೂ ದೊಡ್ಡ ಎರಡು ಸ್ಪ್ರಾಕೆಟ್ ಹತ್ತುವುದೇ ಇಲ್ಲ. ಬ್ಯಾರಲ್ (ಕೇಬಲ್ ಬಿಗಿ ಮಾಡುವ ತಿರುಪು) ತಿರುಗಿಸಿ ಮೇಲಿನ ಗೇರ್ ಸರಿ ಮಾಡಿದರೆ ಕೆಳಗಿನದು ಕೆಡುತ್ತದೆ. ಡಿರೈಲರ್ ಅತಿಯಾಗಿ ಸರಿಯದಂತೆ ತಡೆಯುವ ಲಿಮಿಟ್ ಸ್ಕ್ರೂ ಪೂರ್ತಿ ಬಿಚ್ಚಿ ನೋಡಿದ್ದೂ ಆಯಿತು.

ಹ್ಯಾಂಗರ್ (ಡಿರೈಲರ್ ಕೂರುವ ಫ್ರೇಮಿನ ಕಿವಿ) ಬಾಗಿದೆಯಾ, ಕೇಬಲ್ ಸಿಕ್ಕಿಕೊಂಡಿದೆಯಾ, ಅಥವಾ ಈ ಜೋಡಿಯೇ ಆಗುವುದಿಲ್ಲವಾ? ಆಗುವುದಿಲ್ಲ ಅಂದರೆ ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಬದಲಾಯಿಸಲಿ? ಲಿವರ್ ಕೈಗೆ ಚೆನ್ನಾಗಿ ಕೂರುತ್ತದೆ, ಅದನ್ನು ಬಿಡಲು ಮನಸ್ಸಿಲ್ಲ.


ತಿರುಪುಳಿ

ಹ್ಯಾಂಗರ್ ಅಲ್ಲ, ಕೇಬಲ್ಲೂ ಅಲ್ಲ. ಈ ಜೋಡಿ ಆಗುವುದಿಲ್ಲ, ಎಷ್ಟು ತಿರುಗಿಸಿದರೂ ಆಗುವುದಿಲ್ಲ.

ಡಬ್ಬಿಯ ಮೇಲೆ ಬರೆದಿರುವ 11 ಸ್ಪೀಡ್ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ನೋಡಬೇಕಾದದ್ದು ಎರಡೇ. ಒಂದು, ಲಿವರ್ ಒಂದು ಕ್ಲಿಕ್ಕಿಗೆ ಎಷ್ಟು ಮಿಮೀ ಕೇಬಲ್ ಎಳೆಯುತ್ತದೆ. ಎರಡು, ಒಂದು ಮಿಮೀ ಕೇಬಲ್ ಎಳೆದರೆ ಡಿರೈಲರ್ ಎಷ್ಟು ಮಿಮೀ ಒಳಗೆ ಸರಿಯುತ್ತದೆ. ಎರಡನ್ನೂ ಗುಣಿಸಿದರೆ ಒಂದು ಕ್ಲಿಕ್ಕಿಗೆ ಚೈನ್ ಎಷ್ಟು ಸರಿಯಿತು ಅಂತ ಸಿಗುತ್ತದೆ. ಅದು ಪಕ್ಕಪಕ್ಕದ ಎರಡು ಸ್ಪ್ರಾಕೆಟ್ಟಿನ ನಡುವಿನ ದೂರಕ್ಕೆ ಸಮ ಇರಬೇಕು. 11 ಸ್ಪೀಡ್ ಕ್ಯಾಸೆಟ್ಟಿನಲ್ಲಿ ಆ ದೂರ ಹೆಚ್ಚುಕಡಿಮೆ 3.7 ರಿಂದ 3.9 ಮಿಮೀ.

ನಿಮ್ಮ ಆರ್7000 ಲಿವರ್ ಒಂದು ಕ್ಲಿಕ್ಕಿಗೆ ಸುಮಾರು 2.7 ಮಿಮೀ ಎಳೆಯುತ್ತದೆ. ಎಂ8000 ಡಿರೈಲರಿನ ಅನುಪಾತ (ಮೇಲಿನ ಎರಡನೇ ಲೆಕ್ಕ) 1.1ರ ಆಸುಪಾಸು. 2.7 ಗುಣಿಸು 1.1 ಅಂದರೆ 2.97. ಬೇಕಿರುವುದು 3.8ರ ಹತ್ತಿರ, ಸಿಗುತ್ತಿರುವುದು ಮೂರಕ್ಕಿಂತ ಕಡಿಮೆ. ಪ್ರತಿ ಕ್ಲಿಕ್ಕಿಗೂ ಸುಮಾರು 0.8 ಮಿಮೀ ಹಿಂದೆ ಬೀಳುತ್ತೀರಿ. ಮೊದಲ ಕ್ಲಿಕ್ಕಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಐದನೇ ಕ್ಲಿಕ್ಕಿಗೆ ಒಂದು ಇಡೀ ಗೇರಿನಷ್ಟು ಬಾಕಿ ಉಳಿದಿರುತ್ತದೆ. 10 ಕ್ಲಿಕ್ ಪೂರ್ತಿ ಒತ್ತಿದರೂ ಡಿರೈಲರ್ ಸರಿಯುವುದು 30 ಮಿಮೀ ಒಳಗೆ, ಕೊನೆಯ ಸ್ಪ್ರಾಕೆಟ್ ಇರುವುದು 38 ಮಿಮೀ ದೂರದಲ್ಲಿ. ನಿಮಗೆ ದೊಡ್ಡ ಎರಡು ಹತ್ತುತ್ತಿಲ್ಲ ಅಂದಿರಲ್ಲ, ಲೆಕ್ಕವೂ ಅದನ್ನೇ ಹೇಳುತ್ತದೆ. ಲಿಮಿಟ್ ಸ್ಕ್ರೂ ಬಿಚ್ಚಿದರೆ ಗೋಡೆ ಹಿಂದೆ ಸರಿಯುತ್ತದೆ ಅಷ್ಟೇ, ಡಿರೈಲರನ್ನು ಅಲ್ಲಿಗೆ ಎಳೆಯುವವರು ಯಾರು? ಅದನ್ನು ಮೊದಲಿದ್ದ ಜಾಗಕ್ಕೆ ತನ್ನಿ, ಇಲ್ಲದಿದ್ದರೆ ಮುಂದೆ ಸರಿಯಾದ ಡಿರೈಲರ್ ಹಾಕಿದ ದಿನ ಚೈನ್ ಕಡ್ಡಿಗಳ ಒಳಗೆ ಹೋಗಿ ಬೀಳುತ್ತದೆ.

ಶಿಮಾನೊ ರೋಡಿಗೆ ಒಂದು ಲೆಕ್ಕ, ಎಂಟಿಬಿಗೆ ಇನ್ನೊಂದು ಲೆಕ್ಕ ಇಟ್ಟಿದೆ. ಎಂಟಿಬಿ ಲಿವರ್ ಒಂದು ಕ್ಲಿಕ್ಕಿಗೆ 3.6 ಮಿಮೀ ಎಳೆಯುತ್ತದೆ. ಕೇಬಲ್ ಜಾಸ್ತಿ ಓಡಿದರೆ ಕೆಸರು, ತುಕ್ಕು, ಔಟರಿನ (ಕೇಬಲಿನ ಹೊರ ಕವಚ) ಸವೆತದಿಂದ ಬರುವ ಸಣ್ಣ ವ್ಯತ್ಯಾಸ ಅಷ್ಟು ಕಾಡುವುದಿಲ್ಲ ಅನ್ನುವುದು ಅದರ ಹಿಂದಿನ ಯೋಚನೆ. ಒಳ್ಳೆಯದೇ. ಆದರೆ ರೋಡ್ ಲಿವರ್ ಜೊತೆ ಕಟ್ಟಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ.

ಲಿವರ್ ಉಳಿಸಿಕೊಳ್ಳಿ. ಡಿರೈಲರ್ ಬದಲಾಯಿಸಿ. ಶಿಮಾನೊದ ಗ್ರಾವೆಲ್ ಸಾಲು ಜಿಆರ್‌ಎಕ್ಸ್‌ನ ಆರ್‌ಎಕ್ಸ್812 ಹಾಕಿ. ಅದರ ಅನುಪಾತ ರೋಡ್ 11 ಸ್ಪೀಡಿನದೇ, 1.4. ಗುಣಿಸಿದರೆ 3.78. ಒಂದೇ ಚೈನ್‌ರಿಂಗಿಗೆ ಅಂತಲೇ ಮಾಡಿದ್ದು, 42 ಹಲ್ಲಿನವರೆಗೆ ಕಂಪನಿಯೇ ಒಪ್ಪಿದೆ, ಚೈನ್ ಕುಣಿಯದಂತೆ ಬಿಗಿ ಹಿಡಿಯುವ ಕ್ಲಚ್ ಇದೆ. ನಿಮ್ಮ ಕ್ಯಾಸೆಟ್, ಚೈನ್ ಎರಡೂ ಹಾಗೇ ಇರಲಿ.


ಎರಡುಗಾಲಿ

ತಿರುಪುಳಿಯವರ ಲೆಕ್ಕಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಕೈಯಲ್ಲಿರುವ ಒಳ್ಳೆಯ ಎಕ್ಸ್‌ಟಿ ಡಿರೈಲರನ್ನು ಪೆಟ್ಟಿಗೆಗೆ ಹಾಕಬೇಕೆಂದಿಲ್ಲ. ವುಲ್ಫ್ ಟೂತ್ ಕಂಪನಿಯ ಟ್ಯಾನ್‌ಪ್ಯಾನ್ ಅಂತ ಒಂದು ಸಣ್ಣ ಸಾಧನ ಇದೆ. ಎರಡು ಅಳತೆಯ ರಾಟೆ ಒಂದೇ ಅಚ್ಚಿನ ಮೇಲೆ. ಲಿವರಿನಿಂದ ಬಂದ ಕೇಬಲ್ ಸಣ್ಣ ರಾಟೆಗೆ ಸುತ್ತುತ್ತದೆ, ದೊಡ್ಡ ರಾಟೆಯಿಂದ ಡಿರೈಲರಿಗೆ ಹೋಗುತ್ತದೆ. 2.7 ಒಳಗೆ ಹೋದರೆ 3.6 ಹೊರಗೆ ಬರುತ್ತದೆ. ನಿಮ್ಮಂಥ ಜೋಡಿಗೆ ಅಂತಲೇ ಮಾಡಿದ್ದು. 10 ಸ್ಪೀಡಿಗೆ ಒಂದು, 11ಕ್ಕೆ ಒಂದು, ಬೇರೆ ಬೇರೆ ಬರುತ್ತವೆ, ನೋಡಿ ತಗೊಳ್ಳಿ.

ನನ್ನ ಸೈಕಲ್ಲಿನಲ್ಲಿ ಅದೇ ಇದೆ. ಮಳೆಗಾಲದಲ್ಲೂ ಓಡಿಸುತ್ತೇನೆ. ಗೇರ್ ಚೆನ್ನಾಗಿಯೇ ಬೀಳುತ್ತದೆ.

ಒಂದು ಎಚ್ಚರಿಕೆ. ಅದೇ ಕಂಪನಿಯದು ರೋಡ್‌ಲಿಂಕ್ ಅಂತ ಇನ್ನೊಂದಿದೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ರೋಡ್‌ಲಿಂಕ್ ಡಿರೈಲರನ್ನು ಹ್ಯಾಂಗರಿನಿಂದ ಸ್ವಲ್ಪ ಕೆಳಗೆ ಇಳಿಸುತ್ತದೆ, ದೊಡ್ಡ ಕ್ಯಾಸೆಟ್ಟಿಗೆ ಜಾಗ ಮಾಡಿಕೊಡುತ್ತದೆ, ಅಷ್ಟೇ. ಕೇಬಲ್ ಎಳೆತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಿಮಗೆ ಅದು ಬೇಡ.


ತಿರುಪುಳಿ

ಟ್ಯಾನ್‌ಪ್ಯಾನ್ ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮಾಡುತ್ತದೆ. ಆದರೆ ಪುಕ್ಕಟೆ ಅಲ್ಲ ಅಲ್ವಾ. ಕೇಬಲ್ ಮೂರನೇ ಒಂದು ಪಾಲು ಜಾಸ್ತಿ ಓಡಬೇಕಾದರೆ ನಿಮ್ಮ ಬೆರಳು ಅಷ್ಟೇ ಪಾಲು ಜಾಸ್ತಿ ಬಲ ಹಾಕಬೇಕು. ಎಕ್ಸ್‌ಟಿಯ ಕ್ಲಚ್ ಗಟ್ಟಿ ಮಾಡಿಟ್ಟಿದ್ದರೆ 42ಕ್ಕೆ ಹತ್ತಿಸುವಾಗ ಲಿವರ್ ಚೆನ್ನಾಗಿಯೇ ಭಾರ ಅನಿಸುತ್ತದೆ. ಇನ್ನೊಂದು, ಆ ಸಣ್ಣ ರಾಟೆಗೆ ಕೇಬಲ್ ಬಿಗಿಯಾಗಿ ಬಾಗಿ ಬಾಗಿ ಅಲ್ಲೇ ಎಳೆ ಕೀಳುತ್ತದೆ. ಕೇಬಲನ್ನು ಮಾಮೂಲಿಗಿಂತ ಬೇಗ ನೋಡುತ್ತಿರಬೇಕು. ಮಣ್ಣು ದಾರಿಯ ಸೈಕಲ್ಲಿಗೆ, ಅದೂ ಡಿರೈಲರ್ ಪಕ್ಕದಲ್ಲೇ, ಕೆಸರು ಹಾರುವ ಜಾಗದಲ್ಲೇ, ಇನ್ನೊಂದು ತಿರುಗುವ ಭಾಗ ಯಾಕೆ ಅನ್ನುವುದು ನನ್ನ ಮಾತು.


ಎರಡುಗಾಲಿ

ಭಾರ ಅನಿಸುವುದು ನಿಜ. ಒಪ್ಪುತ್ತೇನೆ. ಆದರೂ ಎಲ್ಲರೂ ಹೊಸ ಡಿರೈಲರ್ ತಗೊಳ್ಳಲೇಬೇಕು ಅಂದರೆ ಬಿಡಿಭಾಗ ಸೇರಿಸಿ ಕಟ್ಟುವ ಮಜಾ ಎಲ್ಲಿ ಬಂತು ಮಾರಾಯ್ರೆ? 46 ಹಲ್ಲಿನ ಕ್ಯಾಸೆಟ್ ಬೇಕು ಅನ್ನುವವರಿಗೆ ಎಂಟಿಬಿ ಡಿರೈಲರ್ ಜೊತೆ ಟ್ಯಾನ್‌ಪ್ಯಾನೇ ನೆಟ್ಟಗಿನ ದಾರಿ. ಆರ್‌ಎಕ್ಸ್812ಕ್ಕೆ 46 ಹಾಕಿ ಓಡಿಸುವವರೂ ಇದ್ದಾರೆ, ಆದರೆ ಬಿ ಸ್ಕ್ರೂ (ಡಿರೈಲರ್, ಕ್ಯಾಸೆಟ್ ನಡುವಿನ ಅಂತರದ ತಿರುಪು) ಕೊನೆಯವರೆಗೆ ತಿರುಗಿಸಿ, ಮೇಲಿನ ಜಾಕಿ ವೀಲನ್ನು (ಡಿರೈಲರಿನ ಪುಟ್ಟ ಹಲ್ಲುಚಕ್ರ) ದೂರ ತಳ್ಳಿ, ಸಣ್ಣ ಸ್ಪ್ರಾಕೆಟ್ಟುಗಳಲ್ಲಿ ಗೇರ್ ಸೋಮಾರಿಯಾಗುವುದನ್ನು ಸಹಿಸಿಕೊಂಡು. ಕಂಪನಿ ಒಪ್ಪಿರುವುದು 42 ಮಾತ್ರ.


ಸಂತೆಸೈಕಲ್

ಈ ಲೆಕ್ಕವನ್ನು ಯಾರಾದರೂ ಒಂದೇ ಕಡೆ ಬರೆದಿಡಿ ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಯಾರೂ ಬರೆಯಲಿಲ್ಲ, ಹಾಗಾಗಿ ನಾನೇ. ಅಂಕಿಗಳೆಲ್ಲ ದುಂಡಗೆ ಮಾಡಿದವು, ಗುಣಿಸಿದಾಗ ಒಂದು ಕೂದಲೆಳೆ ಆಚೀಚೆ ಬಂದರೆ ಗಾಬರಿಯಾಗಬೇಡಿ.

ಶಿಮಾನೊ ರೋಡ್ 8, 9 ಮತ್ತು ಹಳೆಯ 10 ಸ್ಪೀಡ್ ಡಿರೈಲರ್‌ಗಳ ಅನುಪಾತ ಎಲ್ಲವೂ 1.7. ಡ್ಯುರಾ-ಏಸ್ 7400 ಸಾಲೊಂದನ್ನು ಬಿಡಿ, ಅದು ಬೇರೆ. ಶಿಮಾನೊ 9 ಸ್ಪೀಡ್ ಎಂಟಿಬಿ ಡಿರೈಲರಿನದೂ ಇದೇ 1.7. ಆ ಕಾಲದಲ್ಲಿ ರೋಡ್, ಎಂಟಿಬಿ ಅಂತ ಜಗಳವೇ ಇರಲಿಲ್ಲ. ಲಿವರ್ ಮಾತ್ರ ಬೇರೆ ಬೇರೆ ಎಳೆಯುತ್ತವೆ, 8 ಸ್ಪೀಡ್ 2.8, 9 ಸ್ಪೀಡ್ 2.5, 10 ಸ್ಪೀಡ್ 2.3. ಅದಕ್ಕೇ ಹಳೆಯ 10 ಸ್ಪೀಡ್ ರೋಡ್ ಲಿವರಿಗೆ 9 ಸ್ಪೀಡ್ ಎಂಟಿಬಿ ಡಿರೈಲರ್ ಹಾಕಿದರೆ ಸಲೀಸಾಗಿ ನಡೆಯುತ್ತದೆ. 2.3 ಗುಣಿಸು 1.7, 3.91 ಆಯಿತು. 10 ಸ್ಪೀಡ್ ಕ್ಯಾಸೆಟ್ಟಿನ ಅಂತರ 3.95. ಕ್ಯಾಸೆಟ್, ಚೈನ್ 10ರದ್ದು, ಡಿರೈಲರ್ ಮೇಲೆ 9 ಅಂತ ಬರೆದಿರುತ್ತದೆ, ಅದಕ್ಕೇನು, ಡಿರೈಲರಿಗೆ ಎಣಿಸಲು ಬರುತ್ತದಾ? ಎಣಿಸುವುದು ಲಿವರ್. ಗ್ರಾವೆಲ್ ಸೈಕಲ್ ಕಟ್ಟುವವರ ಹಳೆಯ ಉಪಾಯ ಇದು, 34 ಅಥವಾ 36 ಹಲ್ಲಿನವರೆಗೆ ಹೋಗಬಹುದು. ಕೊರತೆ ಒಂದೇ, ಆ ಡಿರೈಲರುಗಳಿಗೆ ಕ್ಲಚ್ ಇರುವುದಿಲ್ಲ. ಕಲ್ಲುದಾರಿಯಲ್ಲಿ ಇಳಿಯುವಾಗ ಚೈನ್ ಪಕ್ಕದ ಫ್ರೇಮಿನ ಕೊಳವೆಗೆ (ಚೈನ್‌ಸ್ಟೇ) ಪಟಪಟ ಬಡಿಯುತ್ತದೆ.

ಆಮೇಲೆ ಶಿಮಾನೊ ಎಂಟಿಬಿ 10 ಸ್ಪೀಡ್ ಬಂತು. ಅಲ್ಲಿಂದ ದಾರಿ ಬೇರೆಯಾಯಿತು. ಅನುಪಾತ 1.2, ಲಿವರ್ ಎಳೆಯುವುದು 3.4. ಎಂಟಿಬಿ 11ಕ್ಕೆ 1.1 ಮತ್ತು 3.6. ರೋಡ್ 11ಕ್ಕೆ 1.4 ಮತ್ತು 2.7.

ಬಹಳ ಜನ ಬೀಳುವ ಗುಂಡಿ ಟಿಯಾಗ್ರಾ 4700. 2015ರಲ್ಲಿ ಬಂದದ್ದು, ಹೆಸರಿಗೆ 10 ಸ್ಪೀಡ್, ಒಳಗೆ 11 ಸ್ಪೀಡಿನ ಲೆಕ್ಕ. ಲಿವರ್ 2.8 ಎಳೆಯುತ್ತದೆ, ಡಿರೈಲರ್ 1.4. ಅದಕ್ಕೆ ಹಿಂದಿನ ಟಿಯಾಗ್ರಾ 4600 ಲಿವರಿಗೆ 4700 ಡಿರೈಲರ್ ಹಾಕಿದರೆ ಕೂರುವುದಿಲ್ಲ. ಎರಡರ ಮೇಲೂ ಟಿಯಾಗ್ರಾ, ಎರಡರ ಮೇಲೂ 10! ಅದೇ 4700 ಲಿವರಿಗೆ 2019ರ ಜಿಆರ್‌ಎಕ್ಸ್ ಆರ್‌ಎಕ್ಸ್400 ಡಿರೈಲರ್ ಹಾಕಿ, 36 ಹಲ್ಲಿನವರೆಗೆ ಚೆಂದ ನಡೆಯುತ್ತದೆ, ಕ್ಲಚ್ಚೂ ಸಿಗುತ್ತದೆ. ಆರ್‌ಎಕ್ಸ್812 ಕೂಡ ಆಗುತ್ತದೆ, ಅನುಪಾತ ಒಂದೇ ಅಲ್ವಾ.

ಸ್ರಾಮ್ ಅನ್ನುವ ಇನ್ನೊಂದು ಕಂಪನಿಯವರದು ಬೇರೆ ಮನೆ. ಡ್ರಾಪ್ ಬಾರಿನ (ಕೆಳಗೆ ಬಾಗಿದ ರೋಡ್ ಹ್ಯಾಂಡಲ್) 10 ಮತ್ತು 11 ಸ್ಪೀಡ್ ಲಿವರ್, ಎಂಟಿಬಿ 10 ಸ್ಪೀಡ್ ಡಿರೈಲರ್, ಇವು ಮೂರೂ ಒಂದೇ ಲೆಕ್ಕದವು, ಅನುಪಾತ 1.3, ಎಳೆತ 3.1. ಹಾಗಾಗಿ ರೈವಲ್ 1 ಅಥವಾ ಅಪೆಕ್ಸ್ 1 ಲಿವರಿಗೆ ಹಳೆಯ ಎಕ್ಸ್9 10 ಸ್ಪೀಡ್ ಡಿರೈಲರ್ ಹಾಕಿದರೂ 11 ಗೇರ್ ನೀಟಾಗಿ ಬೀಳುತ್ತದೆ. ಎಂಟಿಬಿ 11 ಸ್ಪೀಡಿನಿಂದ ಅವರೂ ಲೆಕ್ಕ ಬದಲಾಯಿಸಿದರು. ಎನ್‌ಎಕ್ಸ್, ಜಿಎಕ್ಸ್ 11 ಸ್ಪೀಡ್ ಡಿರೈಲರನ್ನು ರೋಡ್ ಲಿವರಿಗೆ ಕಟ್ಟಲು ಹೋಗಬೇಡಿ. ಈಗಲ್ 12 ಸ್ಪೀಡ್ ಡಿರೈಲರೇ ಬೇಕು ಅಂದರೆ ರೇಷಿಯೋ ಟೆಕ್ನಾಲಜಿ ಅನ್ನುವವರ ಕಿಟ್ ಇದೆ, ಸ್ರಾಮ್ 11 ಸ್ಪೀಡ್ ಲಿವರಿನ ಒಳಗಿನ ಹಲ್ಲಿನ ಚಕ್ರವನ್ನೇ ಬದಲಾಯಿಸಿ 12 ಮಾಡುವುದು. ಲಿವರ್ ಬಿಚ್ಚಿ ಸ್ಪ್ರಿಂಗ್ ಜೊತೆ ಗುದ್ದಾಡುವ ತಾಳ್ಮೆ ಇದ್ದವರಿಗೆ.

ಕ್ಯಾಸೆಟ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 9, 10, 11ರಲ್ಲಿ ಶಿಮಾನೊ ಕ್ಯಾಸೆಟ್, ಸ್ರಾಮ್ ಕ್ಯಾಸೆಟ್ ಒಂದರ ಜಾಗದಲ್ಲಿ ಇನ್ನೊಂದು ನಡೆಯುತ್ತದೆ. ಕ್ಯಾಸೆಟ್ ಕೂರುವ ಫ್ರೀಹಬ್ ಹೊಂದಬೇಕು ಅಷ್ಟೇ.


ಹಳೇಚೈನು

ಅಬ್ಬಾ. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕ ಈಗ ಅರ್ಥವಾಯಿತು. ಹಾಗಾದರೆ ಇನ್ನೊಂದು ಅನುಮಾನ. ನನ್ನ ಬಳಿ ಎಲ್ಲಿಂದಲೋ ಬಂದ ಇನ್ನೊಂದು ಜೊತೆ ಲಿವರ್ ಇದೆ, ಮೇಲೆ ಹೆಸರು ಸವೆದುಹೋಗಿದೆ, 10 ಕ್ಲಿಕ್ ಅಂತೂ ಇಲ್ಲ. ಅದು ಎಷ್ಟು ಎಳೆಯುತ್ತದೆ ಅಂತ ತಿಳಿಯುವುದು ಹೇಗೆ?

ಬ್ರೇಕ್ ಬಗ್ಗೆಯೂ ಕೇಳಿಬಿಡುತ್ತೇನೆ. ಹಳೆಯ ಎಂಟಿಬಿಯಿಂದ ಬಿಚ್ಚಿದ ಬಿಬಿ7 ಕ್ಯಾಲಿಪರ್ (ಕೇಬಲಿನ ಡಿಸ್ಕ್ ಬ್ರೇಕ್) ಇದೆ. ಆರ್7000 ಲಿವರಿಗೆ ಹಾಕಬಹುದಾ?


ತಿರುಪುಳಿ

ಅಳೆಯುವುದು ಸುಲಭ. ಲಿವರಿಗೆ ಹೊಸ ಇನ್ನರ್ ಕೇಬಲ್ ಹಾಕಿ, ಒಂದು ಗೇಣು ಔಟರ್ ಹಾಕಿ. ಕೇಬಲ್ ತುದಿಗೆ ಏನಾದರೂ ಭಾರ ಕಟ್ಟಿ ನೇತುಹಾಕಿ, ಬಿಗಿಯಾಗಿರಬೇಕು. ಔಟರಿನಿಂದ ಕೇಬಲ್ ಹೊರಬರುವ ಜಾಗದಿಂದ ಸ್ವಲ್ಪ ಕೆಳಗೆ ಟೇಪಿನ ಚೂರೊಂದನ್ನು ಬಾವುಟದ ಹಾಗೆ ಅಂಟಿಸಿ. ಈಗ ಮೊದಲ ಕ್ಲಿಕ್ ಒತ್ತಿ ಬಿಡಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸಡಿಲು ಎಲ್ಲ ಅಲ್ಲೇ ಹೋಗುತ್ತದೆ. ಔಟರಿನ ತುದಿಯಿಂದ ಟೇಪಿನ ಅಂಚಿನವರೆಗೆ ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. ಐದು ಕ್ಲಿಕ್ ಒತ್ತಿ. ಮತ್ತೆ ಅಳೆಯಿರಿ. ವ್ಯತ್ಯಾಸವನ್ನು ಐದರಿಂದ ಭಾಗಿಸಿ. 11.5ರ ಹತ್ತಿರ ಬಂದರೆ ಒಂದಕ್ಕೆ 2.3, ಹಳೆಯ ಶಿಮಾನೊ 10. 14 ಬಂದರೆ 2.8, ಆಗ ಒಟ್ಟು ಕ್ಲಿಕ್ ಎಣಿಸಿ, 9 ಇದ್ದರೆ ಟಿಯಾಗ್ರಾ 4700ರ ಲೆಕ್ಕ, 7 ಇದ್ದರೆ ಹಳೆಯ 8 ಸ್ಪೀಡ್. ಒಂದೊಂದೇ ಕ್ಲಿಕ್ ಅಳೆಯಲು ಹೋದರೆ ಹುಚ್ಚು ಹಿಡಿಯುತ್ತದೆ, ಅರ್ಧ ಮಿಮೀ ಎಲ್ಲಿಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಬಿಬಿ7 ಬಗ್ಗೆ. ಅದು ಎರಡು ಥರ ಬರುತ್ತದೆ. ಎಂಟಿಬಿಯದು ವಿ-ಬ್ರೇಕ್ ಲಿವರಿಗೆ ಮಾಡಿದ್ದು, ಆ ಲಿವರ್ ಕೇಬಲ್ ಜಾಸ್ತಿ ಎಳೆಯುತ್ತದೆ. ಡ್ರಾಪ್ ಬಾರಿನ ಲಿವರ್ ಕಡಿಮೆ ಎಳೆಯುತ್ತದೆ. ಹಾಕಿದರೆ ಪ್ಯಾಡ್ ಡಿಸ್ಕಿಗೆ ಮುಟ್ಟಿ ಸರಿಯಾಗಿ ಕಚ್ಚುವ ಮೊದಲೇ ಲಿವರ್ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ. ಗೇರ್ ಕೂರದಿದ್ದರೆ ಕಿರಿಕಿರಿ ಅಷ್ಟೇ, ಬ್ರೇಕ್ ಹಿಡಿಯದಿದ್ದರೆ ಹಲ್ಲು ಹೋಗುತ್ತದೆ. ಬಿಬಿ7 ರೋಡ್ ಅಂತ ಇರುವುದನ್ನೇ ತಗೊಳ್ಳಿ, ಇಲ್ಲ ಟಿಆರ್‌ಪಿ ಸ್ಪೈರ್ ಹಾಕಿ. ಮುಂದೆ ಎಂದಾದರೂ ಹೈಡ್ರಾಲಿಕ್ಕಿಗೆ ಹೋದರೆ ಒಂದು ನೆನಪಿರಲಿ, ಶಿಮಾನೊದಲ್ಲಿ ಮಿನರಲ್ ಆಯಿಲ್, ಸ್ರಾಮ್ ಡ್ರಾಪ್ ಬಾರ್ ಲಿವರಿನಲ್ಲಿ ಡಾಟ್ ದ್ರವ. ಒಂದರ ಲಿವರ್, ಇನ್ನೊಂದರ ಕ್ಯಾಲಿಪರ್ ಅಂತ ಬೆರೆಸಿದರೆ ಸೀಲುಗಳು ಊದಿ ಹಾಳಾಗುತ್ತವೆ. ಅಲ್ಲಿ ಯಾವ ಅಡಾಪ್ಟರೂ ಕಾಪಾಡುವುದಿಲ್ಲ.


ನಿಧಾನಿ

ಸುಮ್ನೆ ಒಂದು ಮಾತು. ಹ್ಯಾಂಡಲ್ ತುದಿಗೆ ಕೂರುವ ಬಾರ್ ಎಂಡ್ ಶಿಫ್ಟರ್ ಹಾಕಿ ಫ್ರಿಕ್ಷನ್‌ನಲ್ಲಿ ಇಟ್ಟುಬಿಡಿ. ಕ್ಲಿಕ್ಕೇ ಇಲ್ಲ, ಲೆಕ್ಕವೂ ಇಲ್ಲ. ಯಾವ ಡಿರೈಲರ್ ಆದರೂ ಸರಿ, ಯಾವ ಕ್ಯಾಸೆಟ್ ಆದರೂ ಸರಿ. ಕಿವಿಯಲ್ಲಿ ಕೇಳಿ ಗೇರ್ ಹಾಕುವುದು ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ. ಹ್ಯಾಂಗರ್ ಸ್ವಲ್ಪ ಬಾಗಿದ್ದರೂ ಮನೆ ಸೇರಿಸುತ್ತದೆ.


ಸಂತೆಸೈಕಲ್

ನಿಧಾನಿಯವರೇ, ಯಾವ ಡಿರೈಲರ್ ಆದರೂ ಸರಿ ಅನ್ನುವುದಕ್ಕೆ ಒಂದು ಕೊಕ್ಕೆ ಇದೆ. ಕ್ಲಿಕ್ ಇಲ್ಲದಿದ್ದರೂ ಒಟ್ಟು ಎಳೆತ ಸಾಲಬೇಕು. ಎಂ8000ಕ್ಕೆ ಕೆಳಗಿನಿಂದ ಮೇಲಿನವರೆಗೆ 10 ಗುಣಿಸು 3.6, ಅಂದರೆ 36 ಮಿಮೀ ಕೇಬಲ್ ಬೇಕು. ಹಳೆಯ 9 ಸ್ಪೀಡ್ ಕಾಲದ ಡಿರೈಲರಿಗೆ 20 ಮಿಮೀ ಸಾಕಿತ್ತು, ಆ ಕಾಲದ ಶಿಫ್ಟರಿನ ಡ್ರಮ್ ಅದಕ್ಕೆ ತಕ್ಕಷ್ಟೇ ದಪ್ಪ. ಕೆಲವು ಶಿಫ್ಟರ್ ಪೂರ್ತಿ ತಿರುಗಿದರೂ ಕೊನೆಯ ಎರಡು ಮೂರು ಸ್ಪ್ರಾಕೆಟ್ ಮುಟ್ಟುವುದಿಲ್ಲ. ಫ್ರಿಕ್ಷನ್ ಮಾಡುವುದಾದರೆ ಹಳೆಯ 1.7 ಡಿರೈಲರೇ ಒಳ್ಳೆಯ ಜೊತೆ, ಆದರೆ ಅದು ಸ್ವಲ್ಪ ಮುಟ್ಟಿದರೂ ಜಿಗಿಯುತ್ತದೆ, 11 ಸ್ಪೀಡಿನ ಒತ್ತೊತ್ತಾದ ಸ್ಪ್ರಾಕೆಟ್ಟುಗಳಿಗೆ ಬಹಳ ಸೂಕ್ಷ್ಮ ಕೈ ಬೇಕು.


ನಿಧಾನಿ

36 ಮಿಮೀ ವಿಷಯ ಸರಿಯೇ. ನನ್ನದು 9 ಸ್ಪೀಡ್, ಹಾಗಾಗಿ ತೊಂದರೆ ಕಂಡಿಲ್ಲ. ಆದರೂ ಕಲ್ಲುದಾರಿಯಲ್ಲಿ ಕೈ ಬಾರ್ ತುದಿಗೆ ಇಳಿಸಬೇಕು ಅನ್ನುವುದೊಂದು ಬಿಟ್ಟರೆ ಇಷ್ಟು ನೆಮ್ಮದಿಯ ಗೇರ್ ಇನ್ನೊಂದಿಲ್ಲ.


ಗಾಳಿಮರ

ಏನೂ ಬೆರೆಸುವುದೇ ಬೇಡ ಅನ್ನುವವರಿಗೆ ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್ ಇದೆ. 10 ಸ್ಪೀಡ್, ಕ್ಯಾಸೆಟ್ 11-48, ಡಿರೈಲರಿಗೆ ಕ್ಲಚ್, ಡ್ರಾಪ್ ಬಾರ್ ಲಿವರೂ ಅವರದೇ, ಕೇಬಲ್ ಬ್ರೇಕಿಗೆ. ಲಿವರ್ ಮತ್ತು ಡಿರೈಲರ್ ಎರಡನ್ನೂ ಅದರದ್ದೇ ಹಾಕಬೇಕು, ಅದರ ಎಳೆತ ಶಿಮಾನೊದ್ದೂ ಅಲ್ಲ, ಸ್ರಾಮ್‌ದೂ ಅಲ್ಲ. 40 ಚೈನ್‌ರಿಂಗಿಗೆ 48 ಅಂದರೆ 0.83 (ಪೆಡಲ್ ಒಂದು ಸುತ್ತಿಗೆ ಚಕ್ರ ಅಷ್ಟು ಸುತ್ತು), ಸಾಮಾನು ಹೇರಿಕೊಂಡು ಏರು ಹತ್ತುವವರಿಗೆ ಹಬ್ಬ. ಗೇರುಗಳ ನಡುವಿನ ಜಿಗಿತ ಮಾತ್ರ ದೊಡ್ಡದು.

ದುಡ್ಡು ಇದ್ದವರಿಗೆ ಕೇಬಲ್ಲೇ ಇಲ್ಲದ ದಾರಿ. ಸ್ರಾಮ್‌ನ ವೈರ್‌ಲೆಸ್ ಸಾಲು ಎಎಕ್ಸ್‌ಎಸ್‌ನಲ್ಲಿ ರೈವಲ್ ಅಥವಾ ಫೋರ್ಸ್ ಡ್ರಾಪ್ ಬಾರ್ ಲಿವರಿಗೆ ಈಗಲ್ ಎಎಕ್ಸ್‌ಎಸ್ ಎಂಟಿಬಿ ಡಿರೈಲರನ್ನು ಜೋಡಿಸಬಹುದು, ಕಂಪನಿಯೇ ಒಪ್ಪಿದ ಜೋಡಿ ಅದು. ಎಳೆಯಲು ತಂತಿ ಇಲ್ಲ, ಎಷ್ಟು ಸರಿಯಬೇಕು ಅಂತ ಡಿರೈಲರಿಗೇ ಗೊತ್ತು. ಆದರೆ ಅಲ್ಲೂ ಚೈನ್ ನೋಡಿಕೊಳ್ಳಬೇಕು. ರೋಡ್ ಎಎಕ್ಸ್‌ಎಸ್‌ನ ಫ್ಲಾಟ್‌ಟಾಪ್ ಚೈನಿನ ರೋಲರ್ ದಪ್ಪ, ಈಗಲ್ ಡಿರೈಲರಿಗೆ ಈಗಲ್ ಚೈನೇ ಬೇಕು, ಚೈನ್‌ರಿಂಗೂ ಆ ಚೈನಿಗೆ ಹೊಂದುವುದಿರಬೇಕು. ಎಎಕ್ಸ್‌ಎಸ್‌ಗೆ ಮೊದಲು ಬಂದ 11 ಸ್ಪೀಡ್ ಇಟ್ಯಾಪ್ ಲಿವರ್ ಇದಕ್ಕೆ ಆಗುವುದಿಲ್ಲ, ಸೆಕೆಂಡ್ ಹ್ಯಾಂಡ್ ನೋಡುವಾಗ ಹೆಸರು ಸರಿಯಾಗಿ ಓದಿ.


ಮೂಲೆಮನೆ

ನಾನೂ ಇದೇ ಥರ ಕಟ್ಟುತ್ತಿದ್ದೇನೆ, ಮುಂದೆ ಎರಡು ಚೈನ್‌ರಿಂಗ್ ಬೇಕು. 105 ಲಿವರಿಗೆ ಎಂಟಿಬಿ ಮುಂದಿನ ಡಿರೈಲರ್ ಹಾಕಿದರೆ?


ತಿರುಪುಳಿ

ಬೇಡ. ಮುಂದೆಯೂ ಅದೇ ಕತೆ, ಎಂಟಿಬಿ ಮುಂದಿನ ಡಿರೈಲರಿಗೆ ಕೇಬಲ್ ಜಾಸ್ತಿ ಬೇಕು, ರೋಡ್ ಲಿವರ್ ಅಷ್ಟು ಕೊಡುವುದಿಲ್ಲ, ಚೈನ್ ದೊಡ್ಡ ರಿಂಗಿಗೆ ಹತ್ತುವುದಿಲ್ಲ. ಕ್ರ್ಯಾಂಕ್ ಯಾವುದು ಅಂತ ಮೊದಲು ನೋಡಿ. ಜಿಆರ್‌ಎಕ್ಸ್ ಕ್ರ್ಯಾಂಕ್ ಆದರೆ ಅದರ ಚೈನ್‌ಲೈನ್ (ಫ್ರೇಮಿನ ನಡುವಿನಿಂದ ಚೈನಿಗಿರುವ ದೂರ) ರೋಡ್ ಕ್ರ್ಯಾಂಕಿಗಿಂತ 2.5 ಮಿಮೀ ಹೊರಗೆ, ದಪ್ಪ ಟೈರಿಗೆ ಜಾಗ ಬಿಡಲು. ಅದಕ್ಕೆ ಜಿಆರ್‌ಎಕ್ಸ್ ಮುಂದಿನ ಡಿರೈಲರೇ ಹಾಕಿ. ಲಿವರ್ ನಿಮ್ಮ 105 ಇರಲಿ.

ಹಿಂದೆ ಆರ್‌ಎಕ್ಸ್812 ಅಲ್ಲ, ಅದು ಒಂದೇ ರಿಂಗಿಗೆ. ನಿಮಗೆ ಆರ್‌ಎಕ್ಸ್810. ದೊಡ್ಡ ಸ್ಪ್ರಾಕೆಟ್ 34ರವರೆಗೆ, ಒಟ್ಟು ಸಾಮರ್ಥ್ಯ 40 ಹಲ್ಲು. ಮುಂದಿನ ಎರಡರ ವ್ಯತ್ಯಾಸ, ಹಿಂದಿನ ದೊಡ್ಡದು ಸಣ್ಣದರ ವ್ಯತ್ಯಾಸ, ಎರಡನ್ನೂ ಕೂಡಿಸಿ. 46-30 ಮತ್ತು 11-34 ಅಂದರೆ 16 ಮತ್ತು 23, 39 ಆಯಿತು, ನಡೆಯುತ್ತದೆ. 48-31 ಆದರೆ ಸರಿಯಾಗಿ 40. 30ಕ್ಕೆ 34, ಗೇರ್ ಅನುಪಾತ 0.88. ಹಳೇಚೈನು ಅವರ 40ಕ್ಕೆ 42 ಅಂದರೆ 0.95. ಏರಿನಲ್ಲಿ ನಿಮ್ಮದೇ ಹಗುರ.


ಹಳೇಚೈನು

ಆರ್‌ಎಕ್ಸ್812 ಅಂತ ನಿರ್ಧಾರ ಆಯಿತು. ಎಕ್ಸ್‌ಟಿ ಡಿರೈಲರ್ ಮುಂದೆ ಫ್ಲಾಟ್ ಬಾರ್ ಸೈಕಲ್ಲಿಗೆ ಎಂಟಿಬಿ ಶಿಫ್ಟರ್ ಜೊತೆ ಹಾಕುತ್ತೇನೆ. 0.95 ನೋಡಿ ಸ್ವಲ್ಪ ಭಯವಾಯಿತು, ಚೈನ್‌ರಿಂಗ್ 38 ಮಾಡಿದರೆ 0.90, ಅದನ್ನೇ ಮಾಡುವುದು ವಾಸಿ ಅನಿಸುತ್ತಿದೆ. ಎಡ ಲಿವರಿನ ಗೇರ್ ಭಾಗ ಖಾಲಿ ಬಿಡಬಹುದು ತಾನೇ?

ಕೊನೆಯದಾಗಿ, ಚಕ್ರದ ಫ್ರೀಹಬ್ ರೋಡ್ 11 ಸ್ಪೀಡಿನದು. ಎಕ್ಸ್‌ಟಿ ಕ್ಯಾಸೆಟ್ ಬಿಗಿ ಮಾಡಿದ ಮೇಲೂ ಒಂದು ಚೂರು ಅಲ್ಲಾಡುತ್ತಿದೆ. ಲಾಕ್‌ರಿಂಗ್ ಕೆಟ್ಟಿದೆಯಾ?


ತಿರುಪುಳಿ

ಎಡ ಲಿವರ್ ಖಾಲಿ ಬಿಡಿ, ಏನೂ ಆಗುವುದಿಲ್ಲ.

ಲಾಕ್‌ರಿಂಗ್ ಕೆಟ್ಟಿಲ್ಲ. ರೋಡ್ 11ರ ಫ್ರೀಹಬ್ ಹಳೆಯದಕ್ಕಿಂತ 1.85 ಮಿಮೀ ಉದ್ದ. ಎಕ್ಸ್‌ಟಿ 11-42 ಹಳೆಯ ಉದ್ದಕ್ಕೇ ಕೂರುವ ಕ್ಯಾಸೆಟ್. ಕ್ಯಾಸೆಟ್ಟಿನ ಹಿಂದೆ, ಕಡ್ಡಿಗಳ ಕಡೆಗೆ, 1.85ರ ಸ್ಪೇಸರ್ ಒಂದನ್ನು ಹಾಕಿ ಆಮೇಲೆ ಬಿಗಿ ಮಾಡಿ. ಚಕ್ರದ ಜೊತೆ ಬಂದಿದ್ದರೂ ಬಂದಿರಬಹುದು, ಡಬ್ಬಿ ನೋಡಿ.


ಎರಡುಗಾಲಿ

ಡಿರೈಲರ್ ಹಾಕುವಾಗ ಹೊಸ ಇನ್ನರ್, ಹೊಸ ಔಟರ್ ಎರಡೂ ಹಾಕಿಬಿಡಿ. ಗೇರಿನ ಔಟರ್ ಅಂತ ಕೇಳಿ ತಗೊಳ್ಳಿ, ಬ್ರೇಕಿನ ಔಟರ್ ಅಲ್ಲ, ಅದು ಒತ್ತಡಕ್ಕೆ ಕುಗ್ಗುತ್ತದೆ. ಸೆಟ್ ಮಾಡುವಾಗ ಕ್ಲಚ್ ಆಫ್ ಇರಲಿ. ಮೇಲೆ ಹೋಗುವಾಗ ಸರಿ, ಕೆಳಗೆ ಬರುವಾಗ ತಡ ಅಂತಾದರೆ ಕೇಬಲ್ ಎಲ್ಲೋ ಉಜ್ಜುತ್ತಿದೆ ಅಂತ ತಿಳಿಯಿರಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗ್ತಾ ಹೋಗ್ತಾ ತಪ್ಪು ಬೆಳೆದರೆ ಮಾತ್ರ ಎಳೆತದ ಲೆಕ್ಕ ತಪ್ಪಿದೆ ಅಂತ ಅರ್ಥ. ಈ ಜೋಡಿಯಲ್ಲಿ ಅದು ಬರಬಾರದು.

ಟ್ಯಾನ್‌ಪ್ಯಾನ್ ಬೇಡ ಅಂದಿರಲ್ಲ, ಆಯಿತು ಬಿಡಿ. ಆ ಎಕ್ಸ್‌ಟಿ ಡಿರೈಲರ್ ಮಾರುವ ಮನಸ್ಸಾದರೆ ಮೊದಲು ನನಗೆ ಹೇಳಿ.